ಉರಿಗಾಂ ಸೀಮೆಯ ಕಣ್ಣಳತೆ

ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಸುಮಾರು 16 ಕಿಲೋಮೀಟರ್ ಹಾಯುವ ರೈಲು ಹಾದಿಯ ಮೇಲಿರುವ ಉರಿಗಾಂ, ಕೋಲಾರದ ಚಿನ್ನದ ಗಣಿ ಪ್ರದೇಶದ ಒಂದು ಭಾಗವಾಗಿಯೇ ಹೆಸರು ಪಡೆದ ಊರಾದುದರಿಂದ, ಅದರ ಗತಕಾಲವನ್ನು ಕುರಿತು ಬರೆದವರ ಗಮನ ಬಹುಮಟ್ಟಿಗೆ ಅದಿರು, ಕಂಪನಿ, ವಿದ್ಯುತ್ತು ಮತ್ತು ಕೂಲಿಕಾರರ ಬದುಕಿನ ಮೇಲೆಯೇ ನೆಲೆನಿಂತಿದೆ. ಅದೇ ನೆಲದ ಇತಿಹಾಸದಲ್ಲಿ ಅಷ್ಟಾಗಿ ಯಾರೂ ಕೈಹಾಕದ ಇನ್ನೊಂದು ಎಳೆಯಿದೆ. ಅದು ಕಣ್ಣಿಗೆ ಕಾಣುವ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ನಿರ್ಣಯಿಸುವ ವಿದ್ಯೆ. ಬೇಟೆಗಾರನಿಗೆ, ಭೂಮಾಪಕನಿಗೆ, ಬಂದೂಕು ಹಿಡಿದ ಸ್ವಯಂಸೈನಿಕನಿಗೆ ಮತ್ತು ಗಣಿಯ ಆಳದಲ್ಲಿ ಬಂಡೆ ಸಿಡಿದ ಸ್ಥಳವನ್ನು ಹುಡುಕುವ ಎಂಜಿನಿಯರನಿಗೆ ಈ ಒಂದೇ ಪ್ರಶ್ನೆ ಬೇರೆ ಬೇರೆ ಕಾಲಗಳಲ್ಲಿ ಎದುರಾಯಿತು. ಇವರಲ್ಲಿ ನಿಖರತೆಯನ್ನು ಸಾಧಿಸಿದವರು ಇತರರಿಗಿಂತ ಚುರುಕಾದ ಕಣ್ಣು ಪಡೆದವರಲ್ಲ, ಕಣ್ಣು ಎಲ್ಲಿ, ಯಾವಾಗ, ಎಷ್ಟರಮಟ್ಟಿಗೆ ಮೋಸಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದುಕೊಂಡವರು ಎಂಬುದು ಈ ಇತಿಹಾಸವನ್ನು ಪರಿಶೀಲಿಸಿದಾಗ ಕಂಡುಬರುವ ಮುಖ್ಯ ಸಂಗತಿ.

ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ಕೊಯೋಟಿ ಎಂಬ ಕಾಡುನಾಯಿ ಜಾತಿಯ ಪ್ರಾಣಿಯನ್ನು ಬಹುದೂರದಿಂದ ಗುಂಡಿಕ್ಕುವವರು ದೂರದ ಅಂದಾಜನ್ನೇ ತಮ್ಮ ವಿದ್ಯೆಯ ಅತ್ಯಂತ ಕಠಿಣ ಅಂಗವೆಂದು ಪರಿಗಣಿಸುತ್ತಾರೆ. ಕೋಲಾರ ಸೀಮೆಯಲ್ಲಿ ಆ ಪ್ರಾಣಿಗೆ ಸಂವಾದಿಯಾಗಿರುವುದು ರಾತ್ರಿ ಹಿಂಡುಗೂಡಿ ಊಳಿಡುವ ನರಿ. ಭುಜದವರೆಗೆ ಅಳೆದರೆ ಅದರ ಎತ್ತರ ಒಂದು ಮೊಳಕ್ಕಿಂತ ಹೆಚ್ಚಿಲ್ಲ. ಬೆಳಗ್ಗೆ ಎದ್ದು ನರಿಯ ಮುಖ ನೋಡಿದರೆ ಒಳಿತಾಗುತ್ತದೆ ಎಂಬ ನಂಬಿಕೆಯಿರುವ ಈ ನಾಡಿನಲ್ಲಿ ನರಿ ಬರಿಯ ಉಪದ್ರವದ ಪ್ರಾಣಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಅದರ ಜೊತೆಗೆ ತೋಳ, ಕೃಷ್ಣಮೃಗ ಮತ್ತು ಪ್ರಾಣಿಶಾಸ್ತ್ರದಲ್ಲಿ ಬಂಗಾಳ ನರಿ ಎನಿಸಿಕೊಂಡಿರುವ, ಕುಚ್ಚುಬಾಲದ, ಒಂದು ಅಡಿಯಷ್ಟೇ ಎತ್ತರದ ಸಣ್ಣ ನರಿ ಇವೆಲ್ಲವೂ ಮರಗಳು ವಿರಳವಾದ ಮೈದಾನ ಸೀಮೆಯ ಪ್ರಾಣಿಗಳಾಗಿದ್ದು, ಅಲ್ಲಲ್ಲಿ ಎದ್ದ ಗುಂಡುಕಲ್ಲಿನ ಗುಡ್ಡ, ಕುರುಚಲು, ಕೆರೆಯಂಗಳ ಮತ್ತು ರಾಗಿಯ ಹೊಲಗಳಿಂದ ಕೂಡಿದ ಈ ನೆಲದಲ್ಲಿ ಬೇಟೆಗಾರನ ನೋಟಕ್ಕೆ ಬಹುದೂರದಿಂದಲೇ ಬೀಳುತ್ತಿದ್ದವು. ಕಾಣುವುದಕ್ಕೆ ಅಡ್ಡಿಯಿಲ್ಲದ ನೆಲದಲ್ಲಿಯೇ ದೂರವನ್ನು ತಿಳಿಯುವುದು ಕಷ್ಟ. ದಟ್ಟವಾದ ಕಾಡಿನಲ್ಲಿ ಮೂವತ್ತು ಮಾರಿನಾಚೆ ಏನೂ ಕಾಣದಿರುವುದರಿಂದ ಅಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಹಳೆಯ ಕಾಲದ ಬೇಟೆಯಲ್ಲಿ ದೂರವನ್ನು ಅಳೆಯುವ ಅಗತ್ಯ ಹೆಚ್ಚಾಗಿ ಬರುತ್ತಿರಲಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಮೃಗಯಾ ವಿನೋದವನ್ನು, ಅಂದರೆ ಬೇಟೆಯನ್ನು ಅರಸನ ವಿನೋದಗಳಲ್ಲಿ ಒಂದಾಗಿ ವಿಸ್ತಾರವಾಗಿ ನಿರೂಪಿಸುತ್ತದೆ. ಆ ಪರಂಪರೆಯ ಬೇಟೆಯಲ್ಲಿ ಬಲೆ, ಸೋಗೆ, ನಾಯಿ, ಪಳಗಿಸಿದ ಮೃಗ, ಗಾಳಿಯ ದಿಕ್ಕು ಇವುಗಳಿಗೆ ದೊರೆಯುವ ಮಹತ್ವವನ್ನು ಗಮನಿಸಿದರೆ, ಬಿಲ್ಲುಗಾರನ ಮೊದಲ ವಿದ್ಯೆ ಪ್ರಾಣಿಗೂ ತನಗೂ ಇರುವ ಅಂತರವನ್ನು ಕುಗ್ಗಿಸುವುದಾಗಿತ್ತೇ ಹೊರತು ಅದನ್ನು ಗಣಿಸುವುದಾಗಿರಲಿಲ್ಲ ಎಂದು ಹೇಳಬಹುದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಸಾಕಿದ್ದ ಬೇಟೆಯ ಚೀತಾಗಳು 1799ರಲ್ಲಿ ಆ ಪಟ್ಟಣ ಬ್ರಿಟಿಷರ ಕೈಸೇರಿದ ನಂತರ ಅವರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ವಶಕ್ಕೆ ಬಂದವು. ಚೀತಾಗಳಿಂದ ಕೃಷ್ಣಮೃಗವನ್ನು ಹಿಡಿಸುವ ಕ್ರಮದಲ್ಲಿ ಅತ್ಯಂತ ಜಾಣ್ಮೆಯ ಭಾಗವೆಂದರೆ ಎತ್ತಿನ ಗಾಡಿಯ ಬಳಕೆ. ಹೊಲದಲ್ಲಿ ದಿನವೂ ಓಡಾಡುವ ಗಾಡಿಯನ್ನು ಕಂಡು ಹುಲ್ಲೆಗಳು ಬೆದರುವುದಿಲ್ಲವಾದ್ದರಿಂದ, ಕಣ್ಣಿಗೆ ಪಟ್ಟಿ ಕಟ್ಟಿದ ಚೀತಾವನ್ನು ಗಾಡಿಯ ಮೇಲೆ ಕೂರಿಸಿಕೊಂಡು, ಹಿಂಡಿನ ಕಡೆಗೆ ನೇರವಾಗಿ ಹೋಗದೆ ಬಳಸು ಹಾದಿಯಲ್ಲಿ ಸುತ್ತುತ್ತ ಸುತ್ತುತ್ತ ಸಮೀಪಕ್ಕೆ ತಂದು, ನೂರು ಗಜದೊಳಗೆ ಬಂದ ಮೇಲೆ ಪಟ್ಟಿಯನ್ನು ಕಳಚಿ ಬಿಡುತ್ತಿದ್ದರು. ಎತ್ತಿನ ಮರೆಯಲ್ಲಿ ನಡೆದು ಹತ್ತಿರ ಸೇರುವ ಬತ್ತಿಕೋವಿಯ ಬೇಟೆಗಾರನೂ ಇದೇ ನ್ಯಾಯವನ್ನು ಅನುಸರಿಸುತ್ತಿದ್ದನು. ನಯವಾದ ನಳಿಗೆಯ ಕೋವಿಯ ಗುಂಡು ನೂರು ಗಜದಾಚೆ ಎತ್ತ ಹೋಗುವುದೆಂಬ ಭರವಸೆಯಿಲ್ಲದಿದ್ದ ಕಾಲದಲ್ಲಿ, ಆ ಗೆರೆಯ ಆಚೆಗಿನ ದೂರವನ್ನು ಬಿಡಿಸಿ ತಿಳಿಯುವುದರಿಂದ ಆಗಬೇಕಾದ ಪ್ರಯೋಜನವೂ ಇರಲಿಲ್ಲ.

ಜನಬಳಕೆಯ ಅಳತೆಗಳೂ ಈ ಜೀವನಕ್ರಮಕ್ಕೆ ಹೊಂದಿಕೊಂಡಿದ್ದವು. ಗೇಣು, ಮೊಳ ಮತ್ತು ಎರಡು ಕೈಗಳನ್ನು ಅಗಲಿಸಿದಷ್ಟು ಉದ್ದದ ಮಾರು ಹತ್ತಿರದ ಅಳತೆಗೆ ಸಾಕಾಗುತ್ತಿದ್ದವು. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರವಾದ ಕೂಗಳತೆ ಊರಿಂದ ಹೊಲಕ್ಕೆ, ಹೊಲದಿಂದ ಗುಡ್ಡಕ್ಕೆ ಸಲ್ಲುತ್ತಿತ್ತು. ಪ್ರಯಾಣಕ್ಕೆ ಸುಮಾರು 3 ಮೈಲಿಯ ಹರದಾರಿ ಮತ್ತು ನಾಲ್ಕು ಹರದಾರಿಗಳ ಗಾವುದ ಇದ್ದವು. ಕೂಗಳತೆ ಗಾಳಿಯೊಡನೆ ಹಿಗ್ಗಿ ಕುಗ್ಗುತ್ತಿತ್ತು, ಹರದಾರಿ ನಡೆಯುವವನ ಕಾಲಿಗೆ ತಕ್ಕಂತೆ ಬದಲಾಗುತ್ತಿತ್ತು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ನಡೆಯುವವನಿಗೆ ಬೇಕಾದದ್ದು ಕತ್ತಲಾಗುವುದರೊಳಗೆ ಊರು ಸೇರಬಹುದೇ ಎಂಬ ತಿಳಿವು, ಆ ತಿಳಿವನ್ನು ಈ ಅಳತೆಗಳು ಸಮರ್ಪಕವಾಗಿಯೇ ಕೊಡುತ್ತಿದ್ದವು. ಆದರೆ ಎರಡು ಗುಡ್ಡಗಳ ನಡುವಿನ ಅಂತರ ಎಷ್ಟು ಅಡಿ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿರಲಿಲ್ಲ, ಮತ್ತು ಆ ಪ್ರಶ್ನೆಯನ್ನು ಕೇಳುವವರು ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಮೈಸೂರು ಸೀಮೆಯಲ್ಲಿ ಕೆಲಸಕ್ಕೆ ತೊಡಗಿದರು.

ವೆಲ್ಲೆಸ್ಲಿಯ ನಾಯಕತ್ವದಲ್ಲಿದ್ದ 33ನೆಯ ಕಾಲಾಳು ರೆಜಿಮೆಂಟಿನ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೆಂಗಳೂರಿನ ಬಳಿ ಏಳೂಕಾಲು ಮೈಲಿಗೂ ಮೀರಿದ ಒಂದು ಸರಳರೇಖೆಯನ್ನು ನೆಲದ ಮೇಲೆ ಅಳೆದನು. ಇಂಥ ರೇಖೆಗೆ ಆಧಾರರೇಖೆ ಎಂದು ಹೆಸರು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ಥಿಯೊಡೊಲೈಟ್ ಎಂಬ ಕೋನಮಾಪಕದಲ್ಲಿ ನೋಡಿ ಕೋನಗಳನ್ನು ಗುರುತಿಸಿಕೊಂಡರೆ, ಬೆಟ್ಟದವರೆಗೆ ಒಂದು ಹೆಜ್ಜೆಯನ್ನೂ ನಡೆಯದೆ ಅದರ ದೂರವನ್ನು ತ್ರಿಕೋನದ ಗಣಿತದಿಂದ ಪಡೆಯಬಹುದು. ಎಲ್ಲವೂ ಆಧಾರರೇಖೆಯ ಶುದ್ಧತೆಯನ್ನು ಅವಲಂಬಿಸಿರುವುದರಿಂದ, 100 ಅಡಿಯ ಉಕ್ಕಿನ ಸರಪಳಿಯನ್ನು ಮಟ್ಟಸವಾಗಿ ನಿಲ್ಲಿಸಿದ ಮರದ ತೊಟ್ಟಿಗಳಲ್ಲಿ ಹಾಸಿ, ತೂಕ ಕಟ್ಟಿ ಬಿಗಿದು, ಬಿಸಿಲಿಗೆ ಉಕ್ಕು ಹಿಗ್ಗುವ ಪ್ರಮಾಣವನ್ನು ಉಷ್ಣಮಾಪಕಗಳಿಂದ ಓದಿ ಕಳೆಯುತ್ತಿದ್ದರು. 1802ರಲ್ಲಿ ಮದರಾಸಿನ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಪೋಣಿಸುತ್ತ ಪಶ್ಚಿಮಕ್ಕೆ ಸಾಗಿ, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಮ್ಮೆ ಆಧಾರರೇಖೆಯನ್ನು ಅಳೆದಾಗ, ಗಣಿತದಿಂದ ಬಂದ ಉದ್ದಕ್ಕೂ ಸರಪಳಿಯಿಂದ ಬಂದ ಉದ್ದಕ್ಕೂ ಇದ್ದ ವ್ಯತ್ಯಾಸ ಸುಮಾರು 3.7 ಅಂಗುಲ ಮಾತ್ರವಾಗಿತ್ತು. ನಡುವೆ ಇದ್ದದ್ದು ಪೂರ್ವಘಟ್ಟವನ್ನೂ ಕೋಲಾರದ ಪ್ರಸ್ಥಭೂಮಿಯನ್ನೂ ದಾಟಿ ಬರುವ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ನೆಲ ಎಂಬುದನ್ನು ನೆನೆದರೆ ಈ ಸಾಧನೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಉರಿಗಾಂ ಇತಿಹಾಸದ ಪುಟಕ್ಕೆ ಬಂದದ್ದು ಇಂಥ ಅಳತೆಯ ಕೆಲಸದ ದೆಸೆಯಿಂದಲೇ. ಮದರಾಸಿನಿಂದ ಹೊರಟು 1800ರಲ್ಲಿ ಬೇತಮಂಗಲದ ಮೂಲಕ ಬೆಂಗಳೂರಿಗೆ ಸಾಗಿದ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ನನು ಕೆರೆ, ಬೆಳೆ, ಜಾತಿ, ಕಸುಬುಗಳನ್ನೆಲ್ಲ ಬರೆದುಕೊಂಡರೂ ಕೆಲವೇ ಮೈಲಿಗಳ ಆಚೆಗಿದ್ದ ಚಿನ್ನದ ಸುಳಿವು ಅವನಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು ಅದೇ 33ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್‌ಗೆ. ಐರಿಷ್ ಮೂಲದ ಫ್ರೆಂಚ್ ಮನೆತನದಲ್ಲಿ 1769ರಲ್ಲಿ ಇಟಲಿಯ ಲಿವೊರ್ನೊದಲ್ಲಿ ಹುಟ್ಟಿದ ಈ ಅಧಿಕಾರಿ, ಕಾಲಿನ್ ಮೆಕೆಂಜಿಯ ಮೇಲ್ವಿಚಾರಣೆಯಲ್ಲಿ ನಡೆಯುತ್ತಿದ್ದ ಮೈಸೂರು ಸರ್ವೆಯಲ್ಲಿ ಸಂಸ್ಥಾನದ ಪೂರ್ವದ ಗಡಿಯನ್ನು ಗುರುತಿಸುವ ಕೆಲಸಕ್ಕೆ ನೇಮಕಗೊಂಡಿದ್ದಾಗ, 1802ರಲ್ಲಿ, ಬೂದಿಕೋಟೆಯ ಪೂರ್ವದ ಸೀಮೆಯಲ್ಲಿ ಮಣ್ಣಿನಿಂದ ಚಿನ್ನ ತೊಳೆಯುತ್ತಾರೆ ಎಂಬ ಸುದ್ದಿಯನ್ನು ಕೇಳಿ ಉರಿಗಾಂ ಮತ್ತು ಮಾರಿಕುಪ್ಪಗಳಿಗೆ ಬಂದನು. ಹಳ್ಳಿಯ ಹೆಂಗಸರು ಮಣ್ಣನ್ನು ಮರದ ಮರಿಗೆಯಲ್ಲಿ ಜಾಲಾಡಿ ಕಣಗಳನ್ನು ಬೇರ್ಪಡಿಸುವುದನ್ನೂ, ಮಾರಿಕುಪ್ಪದಲ್ಲಿ ಗಂಡಸರು ಕುಳಿಗಳಿಗೆ ಇಳಿದು ಕಲ್ಲನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿಸುವುದನ್ನೂ ಅವನು ದಾಖಲಿಸಿದನು. ಗಡಿಯ ಅಳತೆಗೆ ಬಂದವನು ಚಿನ್ನದ ವರದಿ ಬರೆದನು ಎಂಬ ಸಂಗತಿಯನ್ನು ಕೋಲಾರ ಗಣಿಯ ಚರಿತ್ರೆಗಳು ಆಕಸ್ಮಿಕವೆಂಬಂತೆ ಹೇಳಿ ಮುಂದೆ ಸಾಗುತ್ತವೆ. ಆದರೆ ನೆಲವನ್ನು ಹೆಜ್ಜೆ ಹೆಜ್ಜೆಗೂ ಗುರುತಿಸುತ್ತ, ಪ್ರತಿ ಹಳ್ಳಿಯ ಹೆಸರನ್ನು ಕೇಳಿ ಬರೆಯುತ್ತ ಹೋಗುವ ಕೆಲಸವೇ ಇಂಥ ಸುದ್ದಿಯನ್ನು ಕಿವಿಗೆ ಬೀಳಿಸಬಲ್ಲದು ಎಂಬುದನ್ನು ಕಡೆಗಣಿಸಬಾರದು. ವಾರನ್ ಅನಂತರ ಲ್ಯಾಂಬ್ಟನ್ನನ ಸಹಾಯಕನಾಗಿ ತ್ರಿಕೋನ ಮಾಪನದಲ್ಲಿ ದುಡಿದು, ಮುಂದೆ ಮದರಾಸಿನ ವೀಕ್ಷಣಾಲಯದ ಹೊಣೆ ಹೊತ್ತನು.

ವಾರನ್‌ನ ವರದಿ ಸುಮಾರು ಏಳು ದಶಕಗಳ ಕಾಲ ಫಲ ಕೊಡಲಿಲ್ಲ. ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕ ಅದನ್ನು ಓದಿ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಗುತ್ತಿಗೆ ಪಡೆದು ಉರಿಗಾಂ ಬಳಿ ಮೊದಲ ಶಾಫ್ಟನ್ನು, ಅಂದರೆ ನೇರವಾಗಿ ಕೆಳಗಿಳಿಯುವ ಗಣಿಬಾವಿಯನ್ನು ತೋಡಿಸಿದನು. 1880ರಲ್ಲಿ ಉರಿಗಾಂ ಕಂಪನಿ ಸ್ಥಾಪನೆಯಾಯಿತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಆಡಳಿತಕ್ಕೆ ಕೈಹಾಕಿ, ಚಾಂಪಿಯನ್ ಲೋಡ್ ಎಂಬ ಸಮೃದ್ಧ ಅದಿರಿನ ಪಟ್ಟೆ ದೊರೆತ ಮೇಲೆ ಬಯಲಿನ ರೂಪವೇ ಬದಲಾಯಿತು. 1894ರಲ್ಲಿ ರೈಲು ಬಂದಿತು, 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿಯ ಮೇಲೆ ವಿದ್ಯುತ್ತು ಬಂದಿತು, ಅದಿರನ್ನು ಅರೆದು ಸಯನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಬೂದು ಬಣ್ಣದ ಪುಡಿ ಗುಡ್ಡಗಳಾಗಿ ಬೆಳೆಯಿತು.

ಈ ಹೊಸ ವಸತಿಯೊಂದಿಗೆ ನಳಿಗೆಯೊಳಗೆ ಸುರುಳಿಗೆರೆ ಕೊರೆದ ರೈಫಲ್ ಬಂದೂಕೂ ಬಯಲಿಗೆ ಬಂದಿತು, ಮತ್ತು ಅದರೊಡನೆ ದೂರದ ಪ್ರಶ್ನೆ ಮೊದಲ ಬಾರಿಗೆ ಗುಂಡು ಹಾರಿಸುವವನ ಪ್ರಶ್ನೆಯಾಯಿತು. ಗುಂಡು ನೇರವಾಗಿ ಹೋಗುವುದಿಲ್ಲ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಅದು ನೆಲದ ಸೆಳೆತಕ್ಕೆ ಬೀಳತೊಡಗುತ್ತದೆ ಮತ್ತು ಗಾಳಿಯ ತಡೆಯಿಂದ ವೇಗ ಕುಂದಿದಂತೆಲ್ಲ ಆ ಬೀಳು ಹೆಚ್ಚುತ್ತದೆ. ಆದ್ದರಿಂದ ರೈಫಲಿನ ಹಿಂಬದಿಯ ಗುರಿಪಟ್ಟಿಯನ್ನು, ಅಂದರೆ ಗಜಗಳ ಅಂಕಿ ಕೆತ್ತಿದ ಸೈಟನ್ನು, ಗುರಿಯ ದೂರಕ್ಕೆ ತಕ್ಕಷ್ಟು ಏರಿಸಿ ನಳಿಗೆಯನ್ನು ತುಸು ಮೇಲಕ್ಕೆ ಎತ್ತಬೇಕಾಗುತ್ತದೆ. 1871ರಲ್ಲಿ ಬಳಕೆಗೆ ಬಂದ ಮಾರ್ಟಿನಿ ಹೆನ್ರಿ ಬಂದೂಕಿನ ಗುಂಡಿನ ಆರಂಭದ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಅದರ ಸೈಟನ್ನು 300 ಗಜಕ್ಕೆ ಇಟ್ಟು, ವಾಸ್ತವದಲ್ಲಿ 350 ಗಜದಲ್ಲಿರುವ ಪ್ರಾಣಿಗೆ ಹೊಡೆದರೆ ಗುಂಡು ಗುರಿಗಿಂತ ಸುಮಾರು ಒಂದೂವರೆ ಮೊಳ ಕೆಳಗೆ ಬೀಳುತ್ತದೆ ಎಂದು ಲೆಕ್ಕಹಾಕಬಹುದು. ನರಿಯ ಎತ್ತರವೇ ಒಂದು ಮೊಳವಾದ್ದರಿಂದ, ಐವತ್ತು ಗಜದ ಒಂದು ತಪ್ಪು ಅಂದಾಜಿಗೆ ಗುಂಡು ಅದರ ಕಾಲಿನ ಮುಂದಿನ ಮಣ್ಣಿಗೆ ಹೋಗುತ್ತದೆ. 1910ರ ಹೊತ್ತಿಗೆ ಬಂದ ಚೂಪು ಮೂತಿಯ .303 ಗುಂಡಿನ ವೇಗ ಸೆಕೆಂಡಿಗೆ ಸುಮಾರು 744 ಮೀಟರಿಗೆ ಏರಿದ ಮೇಲೆ ಅದೇ ತಪ್ಪಿನ ಫಲ ಸುಮಾರು ಒಂದು ಗೇಣಿಗೆ ಇಳಿಯಿತು. ಹೀಗೆ ವೇಗ ಹೆಚ್ಚಿದಂತೆ ಹತ್ತಿರದ ತಪ್ಪುಗಳಿಗೆ ಕ್ಷಮೆ ದೊರೆಯಿತಾದರೂ, ಅದೇ ಧೈರ್ಯದಿಂದ ಬೇಟೆಗಾರರು ಇನ್ನೂ ದೂರಕ್ಕೆ ಹೊಡೆಯತೊಡಗಿದ್ದರಿಂದ ಕಷ್ಟ ಇದ್ದಲ್ಲಿಯೇ ಇತ್ತು. ಗಾಯಗೊಂಡು ತಪ್ಪಿಸಿಕೊಂಡು ಪೊದೆಯೊಳಗೆ ನರಳಿ ಸಾಯುವ ಪ್ರಾಣಿಯ ಯಾತನೆಗೆ ಬಹುಪಾಲು ಕಾರಣವಾದದ್ದು ಈ ಅಂದಾಜಿನ ತಪ್ಪೇ ಎಂಬುದನ್ನು ಮರೆಯಲಾಗದು.

ಗಣಿ ಪ್ರದೇಶದ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನೌಕರರಿಂದ ಕೂಡಿದ ಕೋಲಾರ ಗೋಲ್ಡ್ ಫೀಲ್ಡ್ಸ್ ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೈನಿಕ ದಳ 1903ರಲ್ಲಿ ಹುಟ್ಟಿ, 1920ರ ಪುನರ್ರಚನೆಯಲ್ಲಿ ಆಕ್ಸಿಲರಿ ಫೋರ್ಸಿನ ಬೆಟಾಲಿಯನ್ ಆಗಿ, 1947ರಲ್ಲಿ ಸ್ವಾತಂತ್ರ್ಯದೊಡನೆ ವಿಸರ್ಜನೆಗೊಂಡಿತು. ಇಂಗ್ಲೆಂಡಿನ ಹೈಥ್‌ನಲ್ಲಿ 1853ರಲ್ಲಿ ಸ್ಥಾಪನೆಯಾದ ಬಂದೂಕು ಶಾಲೆಯಿಂದ ಬೆಳೆದುಬಂದ ಬ್ರಿಟಿಷ್ ಸೈನಿಕ ಶಿಕ್ಷಣದಲ್ಲಿ ಗುರಿ ಹೊಡೆಯುವುದಕ್ಕೆ ಇದ್ದಷ್ಟೇ ಸ್ಥಾನ ದೂರದ ಅಂದಾಜಿಗೂ ಇತ್ತು. ಆ ಶಿಕ್ಷಣದ ನಿಯಮಗಳು 600 ಗಜದವರೆಗಿನದನ್ನು ಸಮೀಪದ ದೂರವೆಂದೂ, ಅಲ್ಲಿಂದ 1400 ಗಜದವರೆಗಿನದನ್ನು ಪರಿಣಾಮಕಾರಿ ದೂರವೆಂದೂ, ಅದಕ್ಕೂ ಆಚೆಗಿನದನ್ನು ದೀರ್ಘ ಮತ್ತು ಅತಿದೀರ್ಘ ದೂರವೆಂದೂ ವಿಂಗಡಿಸಿದ್ದವು. ಕಲಿಯುವವನು ಮೊದಲು 100 ಗಜದ ಉದ್ದವನ್ನು ಮತ್ತೆ ಮತ್ತೆ ನಡೆದು, ನೋಡಿ, ಮನಸ್ಸಿನಲ್ಲಿ ಅಚ್ಚೊತ್ತಿಸಿಕೊಂಡು, ಎದುರಿನ ನೆಲದ ಮೇಲೆ ಅಂಥ ಎಷ್ಟು ಉದ್ದಗಳು ಹಿಡಿಯುತ್ತವೆ ಎಂದು ಎಣಿಸಬೇಕಾಗಿತ್ತು. ನಡುವಿನ ನೆಲ ತಗ್ಗಿನಿಂದ ಮರೆಯಾಗಿದ್ದರೆ ಈ ಎಣಿಕೆ ನಡೆಯದಾದ್ದರಿಂದ, ಗುರಿ ಹೆಚ್ಚೆಂದರೆ 700 ಗಜ, ಕಡಿಮೆಯೆಂದರೆ 500 ಗಜ ಎಂದು ಎರಡು ಎಲ್ಲೆಗಳನ್ನು ಹಾಕಿಕೊಂಡು ನಡುವಿನ 600ನ್ನು ಹಿಡಿಯುವ ಕ್ರಮವನ್ನೂ, ಹಲವರ ಅಂದಾಜುಗಳನ್ನು ಕೂಡಿಸಿ ಸರಾಸರಿ ತೆಗೆಯುವ ಕ್ರಮವನ್ನೂ, ದೂರ ಗೊತ್ತಿರುವ ಮರವನ್ನೋ ಕಟ್ಟಡವನ್ನೋ ಆಧಾರವಾಗಿಟ್ಟುಕೊಂಡು ಅದರಿಂದ ಹೆಚ್ಚು ಕಡಿಮೆ ಎಣಿಸುವ ಕ್ರಮವನ್ನೂ ಕಲಿಸುತ್ತಿದ್ದರು.

ಆ ಶಿಕ್ಷಣದ ಅತ್ಯಂತ ಮೌಲಿಕವಾದ ಭಾಗವೆಂದರೆ ಕಣ್ಣಿನ ತಪ್ಪುಗಳ ಪಟ್ಟಿ. ಸೂರ್ಯನು ನೋಡುವವನ ಬೆನ್ನಿಗಿರುವಾಗ, ಗಾಳಿ ತಿಳಿಯಾಗಿರುವಾಗ, ವಸ್ತುವಿನ ಬಣ್ಣ ಅದರ ಹಿನ್ನೆಲೆಯಿಂದ ಎದ್ದು ಕಾಣುವಾಗ, ನಡುವೆ ನೀರೋ ಸಪಾಟು ನೆಲವೋ ಇರುವಾಗ ಮತ್ತು ಕೆಳಗಿನಿಂದ ಮೇಲಕ್ಕೆ ಅಥವಾ ಮೇಲಿನಿಂದ ಕೆಳಕ್ಕೆ ನೋಡುವಾಗ ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಬೆಳಕು ಮಂಕಾಗಿರುವಾಗ, ಕಾವು ನೆಲದಿಂದ ಅಲೆಯಲೆಯಾಗಿ ಏಳುವಾಗ, ವಸ್ತು ನೆರಳಿನಲ್ಲಿರುವಾಗ, ಅದರ ಬಣ್ಣ ನೆಲದ ಬಣ್ಣದೊಡನೆ ಬೆರೆತಾಗ ಮತ್ತು ಮರಗಳ ಸಾಲಿನ ನಡುವೆ ಉದ್ದಕ್ಕೆ ನೋಡುವಾಗ ಅದೇ ವಸ್ತು ದೂರ ಸರಿದಂತೆ ತೋರುತ್ತದೆ. ಈ ಪಟ್ಟಿಯನ್ನು ಉರಿಗಾಂ ಬಯಲಿನ ಮೇಲೆ ಹಾಸಿ ನೋಡಿದರೆ ಅದರ ಸತ್ಯ ಕೈಗೆ ಸಿಗುವಷ್ಟು ಸ್ಪಷ್ಟವಾಗುತ್ತದೆ. ಮಾರ್ಚ್ ತಿಂಗಳ ನಡುಹಗಲಿನಲ್ಲಿ ಒಣಗಿದ ಕೆರೆಯಂಗಳದಲ್ಲಿ ಬಿಸಿಲುಗುದುರೆ ಏಳುವಾಗ, ಒಣಹುಲ್ಲಿನ ಬಣ್ಣದ ನರಿಯೊಂದು ಅಂಚಿನ ಕುರುಚಲಿನಲ್ಲಿ ನಿಂತಿದ್ದರೆ, ಅದರ ಕಾಲುಗಳು ನಡುಗುವ ಗಾಳಿಯಲ್ಲಿ ಕರಗಿಹೋಗಿ, ಮೈ ನೆಲದಿಂದ ಬೇರ್ಪಡದೆ, 200 ಗಜದಲ್ಲಿರುವುದು 300 ಗಜದಾಚೆ ಇರುವಂತೆ ತೋರುವುದು ಸಹಜ. ಅದೇ ಪ್ರಾಣಿ ಡಿಸೆಂಬರಿನ ಬೆಳಗಿನಲ್ಲಿ, ಎಳೆಬಿಸಿಲು ನೋಡುವವನ ಹಿಂದಿನಿಂದ ಬೀಳುತ್ತಿರುವಾಗ, ಸಯನೈಡ್ ಗುಡ್ಡದ ಬೂದಿಬಣ್ಣದ ಇಳಿಜಾರಿನ ಮೇಲೆ ಕಪ್ಪಗೆ ಎದ್ದು ನಿಂತರೆ ಕೈ ಚಾಚಿದರೆ ಸಿಗುವಂತೆ ಕಾಣುತ್ತದೆ. ಮೇಲಕ್ಕೆ ನೋಡುವ ಕೋನ ಆ ಭ್ರಮೆಯನ್ನು ಇನ್ನಷ್ಟು ಬಲಪಡಿಸುತ್ತದೆ.

ಇದರ ಮೇಲೆ ಗಾತ್ರದ ಮೋಸವೂ ಸೇರುತ್ತದೆ. ಗುರುತಿರುವ ಪ್ರಾಣಿ ಎಷ್ಟು ಚಿಕ್ಕದಾಗಿ ಕಾಣುತ್ತಿದೆ ಎಂಬುದರಿಂದ ದೂರವನ್ನು ಊಹಿಸುವುದು ಬೇಟೆಗಾರರ ಸಹಜವಾದ ರೂಢಿ, ಮತ್ತು ಅದರ ಹಿಂದಿರುವ ಗಣಿತ ಶುದ್ಧವಾಗಿಯೇ ಇದೆ: ಒಂದು ಮೀಟರ್ ಎತ್ತರದ ವಸ್ತು ಸಾವಿರ ಮೀಟರ್ ದೂರದಲ್ಲಿ ಎಷ್ಟು ಕೋನವನ್ನು ತುಂಬುವುದೋ, ಅರ್ಧ ಮೀಟರಿನದು ಐನೂರು ಮೀಟರಿನಲ್ಲಿ ಅಷ್ಟನ್ನೇ ತುಂಬುತ್ತದೆ. ಆದ್ದರಿಂದ ಪ್ರಾಣಿಯ ನಿಜವಾದ ಎತ್ತರ ತಿಳಿಯದಿದ್ದರೆ ಈ ರೀತಿ ಪೂರ್ತಿ ಕುಸಿಯುತ್ತದೆ. ಒಂದು ಅಡಿ ಎತ್ತರದ ಬಂಗಾಳ ನರಿಯನ್ನು ಒಂದೂವರೆ ಅಡಿ ಎತ್ತರದ ದೊಡ್ಡ ನರಿಯೆಂದು ಭಾವಿಸಿದವನು 200 ಗಜವನ್ನು 300 ಗಜವೆಂದು ಎಣಿಸುತ್ತಾನೆ, ಮತ್ತು ಅವನ ಗುಂಡು ಪ್ರಾಣಿಯ ಬೆನ್ನಿನ ಮೇಲಿಂದ ಹಾರಿಹೋಗುತ್ತದೆ. ಚಳಿಯಲ್ಲಿ ರೋಮ ಕೆದರಿಕೊಂಡ ನರಿ ದಪ್ಪವಾಗಿ ಕಾಣುವುದರಿಂದ ಲೆಕ್ಕ ಇನ್ನೊಂದು ಕಡೆಗೆ ವಾಲುತ್ತದೆ. ಅಮೆರಿಕದ ಕೊಯೋಟಿ ಬೇಟೆಯಲ್ಲಿಯೂ ನಡೆಯುವ ತಪ್ಪು ಇದೇ ಆಗಿದೆ. ಪೊದೆಯಂತೆ ಉಬ್ಬಿದ ಚಳಿಗಾಲದ ತುಪ್ಪಳದೊಳಗೆ ಸಣ್ಣ ಮೈಯೊಂದಿರುತ್ತದೆ. ಇದಕ್ಕೆ ಹೋಲಿಸಿದರೆ ಗಣಿ ಪ್ರದೇಶದ ಬಯಲಿನಲ್ಲಿ ನೋಡುವವನಿಗೆ ಒಂದು ಅನುಕೂಲವಿತ್ತು: ರೈಲು ಹಾದಿಯ ಮೈಲಿಗಲ್ಲು, ತಂತಿಕಂಬಗಳ ಸಾಲು ಮತ್ತು ಶಾಫ್ಟುಗಳ ಮೇಲೆ ನಿಂತ ಹೆಡ್‌ಗಿಯರ್ ಎಂಬ ಉಕ್ಕಿನ ಗೋಪುರಗಳು ಅಳೆದ ಉದ್ದಗಳಾಗಿ ಕಣ್ಣಮುಂದೆ ನಿಂತಿದ್ದವು. ಸರ್ವೆಯವರು ನೆಟ್ಟ ಕಲ್ಲುಗಳು ಹೊಲದ ಎಲ್ಲೆಗಳನ್ನು ಗುರುತಿಸಿದ್ದವು, ಮತ್ತು 33 ಅಡಿ ಚದರದ ಗುಂಟೆಯ ಲೆಕ್ಕ ಬಲ್ಲ ರೈತನಿಗೆ ತನ್ನ ಹೊಲದ ಉದ್ದ ನಾಲಿಗೆಯ ತುದಿಯಲ್ಲಿತ್ತು. ಹೊರಗಿನಿಂದ ಬಂದ ಬಂದೂಕಿನವನಿಗಿಂತ ಅಂಥ ರೈತನ ಮಾತು ಹೆಚ್ಚು ನಂಬಲರ್ಹವಾಗಿದ್ದಿರಬೇಕು ಎಂದು ಊಹಿಸುವುದಕ್ಕೆ ಸಾಕಷ್ಟು ಆಧಾರವಿದೆ.

ಕಣ್ಣಳತೆಯ ಈ ಮಿತಿಯನ್ನು ಉಪಕರಣದಿಂದ ಮೀರುವ ಯತ್ನಗಳೂ ಇದೇ ಕಾಲದಲ್ಲಿ ನಡೆದವು. ಬ್ರಿಟಿಷ್ ಸೇನೆಯ ಫಿರಂಗಿ ಅಧಿಕಾರಿ ವಾಟ್ಕಿನ್ ರೂಪಿಸಿದ ಮೆಕೊಮೀಟರ್ ಎಂಬ ಸಾಧನದಲ್ಲಿ ಇಬ್ಬರು ಒಂದು ಅಳೆದ ಹುರಿಯ ಎರಡು ತುದಿಗಳನ್ನು ಹಿಡಿದು ಗುರಿಯನ್ನು ನೋಡುತ್ತಿದ್ದರು. ಆರ್ಚಿಬಾಲ್ಡ್ ಬಾರ್ ಮತ್ತು ವಿಲಿಯಂ ಸ್ಟ್ರೌಡ್ ಎಂಬ ಇಬ್ಬರು ಪ್ರಾಧ್ಯಾಪಕರು 1888ರಿಂದ ಬೆಳೆಸಿದ ರೇಂಜ್‌ಫೈಂಡರ್ ಎಂಬ ಸಾಧನದಲ್ಲಿ ಹುರಿಯ ಬದಲು ಒಂದು ಕೊಳವೆಯ ಎರಡು ತುದಿಗಳ ಕನ್ನಡಿಗಳೇ ಆಧಾರರೇಖೆಯಾದವು, ಒಬ್ಬನೇ ಅದನ್ನು ಬಳಸಬಹುದಾಗಿತ್ತು. ಎರಡರ ತತ್ತ್ವವೂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಹಾಸಿದ ಸರಪಳಿಯದೇ: ಗೊತ್ತಿರುವ ಒಂದು ಉದ್ದ ಮತ್ತು ಎರಡು ಕೋನಗಳು.

ಗಣಿ ಆಳವಾದಂತೆ ದೂರದ ಪ್ರಶ್ನೆ ಬೆಳಕೇ ಇಲ್ಲದ ಕಡೆಗೆ ಇಳಿಯಿತು. ಒಂದೇ ಅದಿರಿನ ಪಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಕಂಪನಿಗಳು ನೆಲದ ಮೇಲಿನ ಗಡಿಯನ್ನು ಸಾವಿರಾರು ಅಡಿ ಕೆಳಗೂ ಕಾಪಾಡಿಕೊಳ್ಳಬೇಕಾಗಿತ್ತು. ಇದಕ್ಕಾಗಿ ಗಣಿಯ ಮೋಜಣಿದಾರರು ಶಾಫ್ಟಿನೊಳಗೆ ಭಾರವಾದ ಗುಂಡು ಕಟ್ಟಿದ ಎರಡು ಉಕ್ಕಿನ ತಂತಿಗಳನ್ನು ಇಳಿಬಿಟ್ಟು, ಗಾಳಿಗೆ ತೊಯ್ದಾಡದಂತೆ ಕೆಳಗಿನ ಗುಂಡುಗಳನ್ನು ದ್ರವದಲ್ಲಿ ಮುಳುಗಿಸಿ, ಆ ಎರಡು ತಂತಿಗಳ ನಡುವಿನ ಕೆಲವೇ ಅಡಿಗಳ ರೇಖೆಯಿಂದ ಮೇಲಿನ ದಿಕ್ಕನ್ನು ಕೆಳಗಿನ ಸುರಂಗಗಳಿಗೆ ಒಯ್ಯುತ್ತಿದ್ದರು. ತಂತಿ ಒಂದು ಕೂದಲೆಳೆಯಷ್ಟು ಸರಿದರೂ ಸುರಂಗದ ದೂರದ ತುದಿ ಅಂಗುಲಗಟ್ಟಲೆ ಪಕ್ಕಕ್ಕೆ ಹೋಗುತ್ತದೆ. ಏಕೆಂದರೆ ಇಲ್ಲಿ ಆಧಾರರೇಖೆ ಅತಿ ಚಿಕ್ಕದು, ಅದರಿಂದ ಪಡೆಯಬೇಕಾದ ದೂರ ಬಹಳ ದೊಡ್ಡದು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳ ತಲಪಿತು.

ಆ ಆಳದಲ್ಲಿ ಬಂಡೆಯ ಮೇಲೆ ಬೀಳುವ ಒತ್ತಡ ಒಮ್ಮೆಗೇ ಬಿಡುಗಡೆಯಾಗಿ ಗೋಡೆಗಳು ಸಿಡಿಯುತ್ತಿದ್ದವು. ಗಣಿಯವರು ಏರ್‌ಬ್ಲಾಸ್ಟ್ ಎಂದು ಕರೆಯುತ್ತಿದ್ದ ಈ ಅನಾಹುತದಲ್ಲಿ ಅನೇಕ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಸಿಡಿತದ ಸದ್ದು ನೆಲದ ಮೇಲಿನ ಕೂಲಿಲೈನುಗಳಿಗೂ ಕೇಳಿಸುತ್ತಿತ್ತಾದರೂ ಅದು ಯಾವ ಲೆವೆಲ್‌ನಲ್ಲಿ, ಶಾಫ್ಟಿನಿಂದ ಎಷ್ಟು ದೂರದಲ್ಲಿ ನಡೆದಿದೆ ಎಂಬುದನ್ನು ಕೂಡಲೇ ತಿಳಿಯುವುದು ರಕ್ಷಣೆಯ ತಂಡಕ್ಕೆ ಜೀವನ್ಮರಣದ ವಿಷಯವಾಗಿತ್ತು. 1912ರಿಂದ ಗಣಿ ಪ್ರದೇಶದಲ್ಲಿ ಭೂಕಂಪ ಮಾಪಕ ಕೆಲಸ ಮಾಡತೊಡಗಿತು. ಬಂಡೆಯಲ್ಲಿ ಒಂದು ಬಗೆಯ ಕಂಪನ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿಯೂ, ಅದರ ಹಿಂದೆ ಬರುವ ಇನ್ನೊಂದು ಬಗೆಯದು ಸುಮಾರು ಮೂರೂವರೆ ಕಿಲೋಮೀಟರ್ ವೇಗದಲ್ಲಿಯೂ ಸಾಗುವುದರಿಂದ, ಎರಡೂ ಬಂದು ಮುಟ್ಟುವ ಹೊತ್ತಿನ ಅಂತರವು ಒಂದು ಸೆಕೆಂಡಾದರೆ ಸಿಡಿತ ಎಂಟು ಕಿಲೋಮೀಟರಿಗಿಂತ ತುಸು ದೂರದಲ್ಲಿ ನಡೆದಿದೆ ಎಂದು ತಿಳಿಯಬಹುದು. ಗಣಿಯೊಳಗಿನ ಒಂದೆರಡು ಕಿಲೋಮೀಟರಿಗೆ ಈ ಅಂತರ ಸೆಕೆಂಡಿನ ಹತ್ತನೆಯ ಒಂದೆರಡು ಭಾಗಕ್ಕೆ ಕುಗ್ಗುತ್ತದೆ. ಮೇಲಾಗಿ ಒಂದೇ ಮಾಪಕ ದೂರವನ್ನು ಹೇಳಬಲ್ಲದೇ ಹೊರತು ಆ ಬಿಂದುವನ್ನು ತೋರಲಾರದು. ಆದ್ದರಿಂದ 1970ರ ದಶಕದ ಕೊನೆಯ ವೇಳೆಗೆ ಹಲವು ಗ್ರಾಹಕಗಳನ್ನು ಬೇರೆ ಬೇರೆ ಕಡೆ ನೆಟ್ಟು ಅವುಗಳ ಹೊತ್ತನ್ನು ಹೋಲಿಸುವ ಜಾಲ ಏರ್ಪಟ್ಟಿತು. ಅದೇ ಕೋಲಾರ ಜಿಲ್ಲೆಗೆ ಆಗ ಸೇರಿದ್ದ ಗೌರಿಬಿದನೂರಿನಲ್ಲಿ 1965ರಿಂದ ಕೆಲಸ ಮಾಡುತ್ತಿದ್ದ ಭೂಕಂಪ ಮಾಪಕಗಳ ಸರಣಿ ಭೂಗೋಳದ ಇನ್ನೊಂದು ಕಡೆಯ ಅಣುಸ್ಫೋಟಗಳ ದಿಕ್ಕು ದೂರಗಳನ್ನು ಇದೇ ತತ್ತ್ವದಿಂದ ಗುರುತಿಸುತ್ತಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಗಣಿ ಪ್ರದೇಶದಲ್ಲಿಯೇ ಸ್ಥಾಪನೆಯಾದದ್ದು ಈ ಅನುಭವದ ಬಲದಿಂದ. ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು.

ಬಯಲಿನ ಬೇಟೆ ಅದಕ್ಕೂ ಬಹಳ ಮೊದಲೇ ನಿಂತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅನಂತರದ ತಿದ್ದುಪಡಿಗಳು ಕೃಷ್ಣಮೃಗ, ತೋಳ, ನರಿಗಳ ಬೇಟೆಯನ್ನು ಅಪರಾಧವಾಗಿಸಿದವು. ಇದು ತಡವಾಗಿ ಬಂದರೂ ಅತ್ಯಂತ ಅಗತ್ಯವಾಗಿದ್ದ ಕ್ರಮ. ಆದರೆ ದೂರದಲ್ಲಿರುವ ಪ್ರಾಣಿಯ ಅಂತರವನ್ನು ಸರಿಯಾಗಿ ತಿಳಿಯುವ ಅಗತ್ಯ ಕಾಯ್ದೆಯೊಂದಿಗೆ ಮುಗಿಯಲಿಲ್ಲ. 1980ರ ದಶಕದಿಂದ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಬಳಕೆಗೆ ತಂದ ಸೀಳುದಾರಿ ಗಣತಿಯ ಕ್ರಮದಲ್ಲಿ ಗಣಕರು ಗೊತ್ತುಮಾಡಿದ ನೇರ ಹಾದಿಯಲ್ಲಿ ಸದ್ದಿಲ್ಲದೆ ನಡೆಯುತ್ತ, ಕಂಡ ಪ್ರತಿ ಹಿಂಡಿನ ದೂರವನ್ನು ರೇಂಜ್‌ಫೈಂಡರಿನಿಂದಲೂ ದಿಕ್ಕನ್ನು ದಿಕ್ಸೂಚಿಯಿಂದಲೂ ದಾಖಲಿಸುತ್ತಾರೆ. ಹಾದಿಯಿಂದ ದೂರವಾದಂತೆ ಕಣ್ಣಿಗೆ ಬೀಳದೆ ತಪ್ಪಿಹೋಗುವ ಪ್ರಾಣಿಗಳ ಪ್ರಮಾಣವನ್ನು ಈ ಅಂತರಗಳಿಂದಲೇ ಲೆಕ್ಕಹಾಕಿ, ಕಾಣದವುಗಳನ್ನೂ ಸೇರಿಸಿ ಒಟ್ಟು ಸಂಖ್ಯೆಯನ್ನು ಪಡೆಯಲಾಗುತ್ತದೆ. ಉಪಕರಣವಿಲ್ಲದೆ ಕಣ್ಣಳತೆಯನ್ನೇ ನೆಚ್ಚಿದರೆ ಬರೆಯುವವರು 50, 100 ಎಂಬ ದುಂಡು ಅಂಕಿಗಳ ಕಡೆಗೆ ಜಾರುವುದರಿಂದ ದಾಖಲೆಗಳು ಆ ಅಂಕಿಗಳ ಸುತ್ತ ಗುಂಪುಗಟ್ಟಿ ಗಣತಿಯ ಫಲಿತಾಂಶವೇ ಕೆಡುತ್ತದೆ. ಆ ಕಾರಣದಿಂದ ಗಣತಿಗೆ ಹೊರಡುವ ಸ್ವಯಂಸೇವಕರಿಗೆ ಉಪಕರಣದ ಬಳಕೆಯನ್ನು ಕಲಿಸಿ, ದೂರಗಳನ್ನು ಅಳೆಸಿ, ತಪ್ಪುಗಳನ್ನು ತಿದ್ದಿದ ಮೇಲೆಯೇ ಕಾಡಿಗೆ ಕಳುಹಿಸುತ್ತಾರೆ.